ಜೂನ್ಲಿ ಮಳ ಎಲ್ಲದ ಸಾ?

ಎಂಟನೇ ತರಗತಿಯ ವಿಜ್ಞಾನದಲ್ಲಿ ಬೆಳೆ ಉತ್ಪಾದನೆ ಮತ್ತು ನಿರ್ವಹಣೆ ಅಂತ ಒಂದು ಪಾಠ. ಖಾರಿಫ್ ಬೆಳೆ ಎಂದರೆ ಮಳೆಗಾಲದಲ್ಲಿ ಬಿತ್ತುವುದು, ಮಳೆಗಾಲ ಎಂದರೆ ಜೂನ್‌ನಿಂದ ಸೆಪ್ಟೆಂಬರ್. ಹನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಇದನ್ನು ಬೋರ್ಡಿಗೆ ಹಾಕಿ ತಿರುಗುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ: "ಜೂನ್ಲಿ ಮಳ ಎಲ್ಲದ ಸಾ? ಬರೀ ಗಾಳಿ." ತರಗತಿ ಗೊಳ್ಳೆಂದಿತು. ನಾನೂ ನಕ್ಕು, "ಪರೀಕ್ಷೆಲಿ ಜೂನ್ ಅಂತಲೇ ಬರಿ" ಎಂದು ಮುಂದಕ್ಕೆ ಹೋದೆ. ಅದೇ ಹೊತ್ತಿಗೆ ಕಿಟಕಿಯ ರೆಕ್ಕೆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಅದಕ್ಕೆ ಕಲ್ಲು ಒತ್ತರಿಸಿ ಬಂದು ಪಾಠ ಮುಂದುವರಿಸಿದವನು ನಾನೇ.

ಹುಡುಗ ಹೇಳಿದ್ದು ಸರಿಯಾಗಿತ್ತು. ನೈಋತ್ಯ ಮಾರುತ ಪಶ್ಚಿಮ ಘಟ್ಟದಲ್ಲಿ, ನೀಲಗಿರಿಯಲ್ಲಿ ತನ್ನ ನೀರನ್ನೆಲ್ಲ ಸುರಿದು, ನಮ್ಮ ಕೊಳ್ಳೇಗಾಲ, ಹನೂರಿಗೆ ಬರುವ ಹೊತ್ತಿಗೆ ಹಗುರಾಗಿರುತ್ತದೆ. ಜೂನ್, ಜುಲೈನಲ್ಲಿ ಇಲ್ಲಿ ಬೀಸುವುದೇ ಹೆಚ್ಚು, ಸುರಿಯುವುದು ಕಡಿಮೆ. ಮಳೆ ನಿಜವಾಗಿ ಬರುವುದು ಎರಡು ಸಲ: ಏಪ್ರಿಲ್ ಕೊನೆಯಿಂದ ಮೇ ತನಕ ಗುಡುಗಿನ ಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬೆಳೆ ಕಟ್ಟುವ ಮಳೆ. ಹದಿಮೂರು ವರ್ಷದ ಹುಡುಗನಿಗೆ ಗೊತ್ತಿದ್ದ ಈ ಸಂಗತಿಯನ್ನು ಹಿಡಿದುಕೊಂಡಿದ್ದರೆ ಮುಂದಿನ ನಾಲ್ಕು ಪೀರಿಯಡ್ ತಾವಾಗಿ ನಡೆಯುತ್ತಿದ್ದವು. ಬಿಟ್ಟುಕೊಟ್ಟೆ.

ಆಮೇಲಿನ ವರ್ಷಗಳಲ್ಲಿ ಹನೂರು, ಕೊಳ್ಳೇಗಾಲ, ಯಳಂದೂರು ಈ ಮೂರು ತಾಲ್ಲೂಕುಗಳಲ್ಲಿ ಕೃಷಿ ಪಾಠ ಮಾಡಿ ನಾನು ಕಂಡುಕೊಂಡದ್ದು ಒಂದೇ. ಪುಸ್ತಕಕ್ಕೂ ಹೊಲಕ್ಕೂ ಎಲ್ಲಿ ಜಗಳ ಬೀಳುತ್ತದೋ ಅಲ್ಲಿಂದ ಪಾಠ ಶುರು ಮಾಡಬೇಕು. ಎರಡೂ ಒಪ್ಪುವ ಕಡೆ ಮಕ್ಕಳು ಆಕಳಿಸುತ್ತಾರೆ, ಎರಡೂ ಕಿತ್ತಾಡುವ ಕಡೆ ಬೆಂಚು ಬಿಟ್ಟು ಏಳುತ್ತಾರೆ.

ತಯಾರಿಗೆ ಅರ್ಧ ಗಂಟೆ ಸಾಕು. ಪಾಠವನ್ನು ಪೆನ್ಸಿಲ್ ಹಿಡಿದು ಓದಿ. ಈ ಊರಿನ ಒಬ್ಬ ಅಜ್ಜಿಗೆ ಓದಿ ಹೇಳಿದರೆ "ಅದೆಂಗಾದದು?" ಎಂದು ಆಕೆ ತಡೆಯುವ ವಾಕ್ಯ ಯಾವುದು, ಅದರ ಕೆಳಗೆ ಗೆರೆ ಎಳೆಯಿರಿ. ಒಂದು ಪಾಠಕ್ಕೆ ಎರಡು ಮೂರು ಸಿಕ್ಕೇ ಸಿಗುತ್ತವೆ. ಸಿಗದಿದ್ದರೆ ಸಂಜೆ ಒಬ್ಬ ರೈತನ ಜತೆ ಟೀ ಕುಡಿದು ಬನ್ನಿ. ಗೆರೆ ಎಳೆದ ವಾಕ್ಯವನ್ನು ಪ್ರಶ್ನೆ ಮಾಡಿ ಬೋರ್ಡಿನ ಮೇಲೆ ಬರೆದುಬಿಡಿ, ಉತ್ತರ ಬೇಡ. ನಿಮಗೂ ಉತ್ತರ ಗೊತ್ತಿಲ್ಲದಿದ್ದರೆ ಇನ್ನೂ ಒಳ್ಳೆಯದು. ಮೇಷ್ಟರಿಗೆ ಗೊತ್ತಿಲ್ಲ ಎನ್ನುವುದು ಮಕ್ಕಳಿಗೆ ಎಷ್ಟು ಖುಷಿ ಕೊಡುತ್ತದೆ ಎಂದು ನೋಡಿದವರಿಗೇ ಗೊತ್ತು.

ಹನೂರು: ಬಾಟಲಿಯೊಳಗಿನ ಮಳೆ

ಮಳೆಯ ಜಗಳ ತೀರಿಸಲು ಬೇಕಾದದ್ದು ಒಂದು ಹಳೆಯ ಪ್ಲಾಸ್ಟಿಕ್ ಬಾಟಲಿ. ನೇರ ಗೋಡೆಯದನ್ನು ಆರಿಸಿ. ಕತ್ತನ್ನು ಕೊಯ್ದು ತಲೆಕೆಳಗಾಗಿ ಆಲಿಕೆಯಂತೆ ಕೂರಿಸಿ. ತಳ ಗುಂಡಿ ಗುಂಡಿಯಾಗಿರುವುದರಿಂದ ನಾಲ್ಕು ಬೆಣಚುಕಲ್ಲು ಹಾಕಿ, ಅವು ಮುಳುಗುವಷ್ಟು ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗೆರೆ ಎಳೆಯಿರಿ. ಮೇಲಕ್ಕೆ ಜಾಮಿಟ್ರಿ ಬಾಕ್ಸಿನ ಸ್ಕೇಲು ಅಂಟಿಸಿದರೆ ಮಳೆಮಾಪಕ ತಯಾರು. ಮರ, ಗೋಡೆ ಹತ್ತಿರವಿಲ್ಲದ ಬಯಲಲ್ಲಿ ಇಡಿ, ಮೇಕೆ ಬೀಳಿಸದಂತೆ ಸುತ್ತ ಇಟ್ಟಿಗೆ ಕಟ್ಟಿ. ದಿನಾ ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಒಬ್ಬರು ನೋಡಿ ಬರೆಯುವುದು, ಬರೆದ ಮೇಲೆ ನೀರನ್ನು ಮತ್ತೆ ಸೊನ್ನೆಗೆ ತರುವುದು. ಬಿಸಿಲಿಗೆ ಸೊನ್ನೆಯ ನೀರೇ ಇಂಗಿ ಕೆಳಗಿಳಿದಿರುತ್ತದೆ, ಅದನ್ನು ತುಂಬುವುದೂ ಆ ದಿನದವರ ಕೆಲಸ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಇಷ್ಟು ಹೇಳಿ ಸುಮ್ಮನಾಗಿ. ಒಂದು ಎಕರೆಗೆ 4,047 ಚದರ ಮೀಟರ್, 25 ಮಿಲಿಮೀಟರ್ ಮಳೆ ಬಿದ್ದರೆ ಎಷ್ಟು ಎಂದು ಲೆಕ್ಕ ಹಾಕಲು ಬಿಡಿ. ಲಕ್ಷ ಲೀಟರ್ ದಾಟುತ್ತದೆ. ಐದು ಸಾವಿರ ಲೀಟರಿನ ಟ್ಯಾಂಕರ್ ಇಪ್ಪತ್ತು. ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಕೊಡ ಹಿಡಿದು ಓಡಿದ ಮಕ್ಕಳಿಗೆ ಈ ಇಪ್ಪತ್ತರ ತೂಕ ನಾವು ವಿವರಿಸಬೇಕಾಗಿಲ್ಲ.

ರಿಜಿಸ್ಟರಿನಲ್ಲಿ ತಾರೀಖಿನ ಪಕ್ಕ ಮಳೆ ನಕ್ಷತ್ರಕ್ಕೂ ಒಂದು ಕಾಲಂ ಇರಲಿ. ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ ಎಂದು ಒಂದೊಂದೂ ಹದಿಮೂರು, ಹದಿನಾಲ್ಕು ದಿನ. ಭರಣಿಗೂ ಧರಣಿಗೂ ಪ್ರಾಸ ಕೂಡಿಸಿ ಹಿರಿಯರು ಹೇಳುವ ಗಾದೆಯನ್ನು ಮಕ್ಕಳು ಮನೆಯಿಂದ ತರುತ್ತಾರೆ. ಗಾದೆಯನ್ನು ಒಪ್ಪಬೇಕಾಗಿಯೂ ಇಲ್ಲ, ತಳ್ಳಬೇಕಾಗಿಯೂ ಇಲ್ಲ. ರಿಜಿಸ್ಟರ್ ಎದುರಿಗಿಟ್ಟು ನೋಡಿದರಾಯಿತು. ಇನ್ನೊಂದು ಕಾಲಂ ರೈತರ ಅಳತೆಗೆ. ನಮ್ಮವರು ಮಳೆಯನ್ನು ಮಿಲಿಮೀಟರಿನಲ್ಲಿ ಅಳೆಯುವುದಿಲ್ಲ, ಮಣ್ಣು ಕೆದಕಿ ನೋಡಿ "ನಾಲ್ಕು ಬೆರಳು ನೆಂದದ", "ಒಂದು ಗೇಣು ಹದ ಆಗದ" ಎನ್ನುತ್ತಾರೆ. ಎಷ್ಟು ಮಿಲಿಮೀಟರಿಗೆ ಎಷ್ಟು ಬೆರಳು ಹದ? ಕೆಮ್ಮಣ್ಣಿನಲ್ಲಿ ಎಷ್ಟು, ಎರೆಭೂಮಿಯಲ್ಲಿ ಎಷ್ಟು? ಇದಕ್ಕೆ ಉತ್ತರ ನನ್ನ ಹತ್ತಿರ ಇರಲಿಲ್ಲ. ಆ ವರ್ಷ ಮಕ್ಕಳು ಮಳೆ ನಿಂತ ಮರುದಿನ ಸ್ಕೇಲು ಹಿಡಿದು ಹೊಲಕ್ಕೆ ಓಡಿದ್ದು ಅದಕ್ಕೇ.

ರಾಗಿ ಶಾಲೆಯ ವೇಳಾಪಟ್ಟಿಗೆ ಹೇಳಿ ಮಾಡಿಸಿದ ಬೆಳೆ. ಏಪ್ರಿಲ್, ಮೇನಲ್ಲಿ ಬಿತ್ತುವ ಎಳ್ಳು, ಅಲಸಂದೆ, ಹೆಸರು ರಜೆಯಲ್ಲಿ ಕೈತಪ್ಪುತ್ತವೆ. ರಾಗಿ ಜುಲೈ, ಆಗಸ್ಟ್‌ನಲ್ಲಿ ನೆಲಕ್ಕೆ ಬಿದ್ದು ನವೆಂಬರ್, ಡಿಸೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಶಾಲೆಯ ಅಂಗಳದಲ್ಲಿ ಒಂದೊಂದು ಮೀಟರಿನ ಮೂರು ಚೌಕ ಮಾಡಿ. ಒಂದಕ್ಕೆ ಚೆಲ್ಲು ಬಿತ್ತನೆ, ಇನ್ನೊಂದಕ್ಕೆ ಸಾಲು, ಮೂರನೆಯದಕ್ಕೆ ಪೈರು ಕಿತ್ತು ದೂರ ದೂರ ನಾಟಿ. ತೆಂಡೆ ಎಣಿಸಲಿ, ತೆನೆ ತೂಗಲಿ. ಯಾವುದು ಗೆಲ್ಲುತ್ತದೆ ಎಂದು ಮೊದಲೇ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿಸಿ. ಪಣ ಇಲ್ಲದ ಆಟ ಯಾರು ನೋಡುತ್ತಾರೆ? ಅಮೆರಿಕದ ಓಹಾಯೋದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಹಳ್ಳಿಯ ಹುಡುಗ ಹುಡುಗಿಯರ ಕೃಷಿ ಕ್ಲಬ್ ಶುರು ಮಾಡಿದ್ದು 1902ರಲ್ಲಿ, ನಮ್ಮ ಪಕ್ಕದ ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿದ ವರ್ಷವೇ. ಹೊಸ ಬೀಜ ಎಂದರೆ ಮೂಗು ಮುರಿಯುತ್ತಿದ್ದ ಅಪ್ಪಂದಿರು, ಮಗ ಬೆಳೆದ ಮುಸುಕಿನ ಜೋಳವನ್ನು ಬೇಲಿಯಾಚೆಯಿಂದ ಇಣುಕಿ ನೋಡುತ್ತಿದ್ದರು. ನಮ್ಮಲ್ಲೂ ಹಾಗೆಯೇ. ಮೂರನೆಯ ಚೌಕ ತೆನೆ ತುಂಬಿದಾಗ ಕಾಂಪೌಂಡಿನ ಆಚೆ ಯಾರೋ ಒಬ್ಬರು ಬೀಡಿ ಹಚ್ಚಿಕೊಂಡು ನಿಂತಿರುತ್ತಾರೆ.

ತಳಿ ಸುಧಾರಣೆಯ ಪಾಠ ಬಂದಾಗ ಪುಸ್ತಕ ಗೋಧಿ, ಭತ್ತದ ಕಡೆ ನಡೆಯುತ್ತದೆ. ಮನೆಯಲ್ಲಿ ಮುದ್ದೆ ಉಂಡು ಬಂದ ಮಗುವಿಗೆ ರಾಗಿ ಲಕ್ಷ್ಮಣಯ್ಯನವರ ಕತೆ ಹೇಳಿ. ಕೊಳ್ಳೇಗಾಲದಿಂದ ಮಳವಳ್ಳಿ ದಾಟಿದರೆ ಮಂಡ್ಯ, ಅಲ್ಲಿನ ವಿ.ಸಿ. ಫಾರಂನಲ್ಲಿ ಅವರು ನಮ್ಮ ರಾಗಿಗೆ ಆಫ್ರಿಕದ ರಾಗಿಯನ್ನು ಕೂಡಿಸಿದರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ಎಷ್ಟೋ ಮನೆಯಲ್ಲಿ ಅಜ್ಜ "ಇಂಡಾಪು" ಎನ್ನುವುದು ಇದೇ. ಆಗ ಒಂದು ರಾಗಿ ತೆನೆ ಕೊಟ್ಟು ಲೆನ್ಸಿನಲ್ಲಿ ಹೂವು ಹುಡುಕಲು ಹೇಳಿ. ಅಷ್ಟು ಸಣ್ಣ ಹೂವು ತನ್ನ ಪರಾಗವನ್ನು ತನಗೇ ಉದುರಿಸಿಕೊಳ್ಳುವ ಮುಂಚೆ, ಅದೂ ಬೆಳಗಾಗುವ ಮೊದಲೇ, ಬೇರೆ ಹೂವಿನ ಪರಾಗ ಮುಟ್ಟಿಸಬೇಕು. ಆ ಮನುಷ್ಯನ ತಾಳ್ಮೆ ಎಂಥದ್ದು ಎಂದು ಮಕ್ಕಳು ತಾವೇ ಹೇಳುತ್ತಾರೆ. ರಾಗಿಯ ಮೂಲವೇ ಪೂರ್ವ ಆಫ್ರಿಕಾ ಎಂದು ಗೊತ್ತಾದ ದಿನ ಒಬ್ಬಳು "ಹಂಗಾದ್ರ ಮುದ್ದ ನಮ್ದಲ್ವ ಸಾ?" ಎಂದು ಮುಖ ಸಣ್ಣ ಮಾಡಿಕೊಂಡಳು. ಅದರ ಮೇಲೆ ಒಂದು ಪೀರಿಯಡ್ ಚರ್ಚೆ ಆಯಿತು.

ಅಕ್ಕಡಿ ಸಾಲು ಇನ್ನೊಂದು ಜಗಳದ ಜಾಗ. ಪುಸ್ತಕದ ಚಿತ್ರದಲ್ಲಿ ಹೊಲ ಎಂದರೆ ಒಂದೇ ಬೆಳೆ. ಹನೂರಿನ ಬೆದ್ದಲಿನಲ್ಲಿ ರಾಗಿ ಜತೆ ಅವರೆ, ಜೋಳ, ಹರಳು, ಸಾಸಿವೆ, ಹುಚ್ಚೆಳ್ಳು. ಮಕ್ಕಳು ಹೊಲದಲ್ಲಿ ಸಾಲು ಎಣಿಸಿ ಚಿತ್ರ ಬರೆದು ತರಲಿ, ಪ್ರತಿ ಬೆಳೆ ಯಾಕಿದೆ ಎಂದು ಮನೆಯಲ್ಲಿ ಕೇಳಲಿ. ಮಳೆ ಕೈಕೊಟ್ಟರೆ ರಾಗಿ ಹೋದರೂ ಅವರೆ ಉಳಿಯುತ್ತದೆ, ಹುಚ್ಚೆಳ್ಳಿನ ಹಳದಿ ಹೂವಿಗೆ ಜೇನು ಬರುತ್ತದೆ, ಹರಳಿನ ಗಿಡಕ್ಕೆ ಹುಳು ಮೊದಲು ಕೂರುತ್ತದೆ. ಬೆಳೆ ವೈವಿಧ್ಯ, ಪರಾಗಸ್ಪರ್ಶ, ಕೀಟ ನಿರ್ವಹಣೆ ಎಂದು ಮೂರು ಕಡೆ ಹರಿದು ಹಂಚಿದ ಪಾಠ ಒಂದೇ ಸಾಲಿನಲ್ಲಿ ನಿಂತಿದೆ.

ಬೇರು ನೋಡಲು ಹುರುಳಿ ಗಿಡವನ್ನು ಕೀಳಬೇಡಿ, ಸಲಿಕೆಯಲ್ಲಿ ಮಣ್ಣು ಸಮೇತ ಎತ್ತಿ ಬಕೆಟಿನ ನೀರಿನಲ್ಲಿ ಅದ್ದಿ. ಬೇರಿನ ಗಂಟುಗಳು ಹಾಗೇ ಉಳಿಯುತ್ತವೆ. ಬ್ಲೇಡಿನಿಂದ ಒಂದನ್ನು ಸೀಳಿ ನೋಡಿ. ಒಳಗೆ ನಸುಗೆಂಪು ಇದ್ದರೆ ಸಾರಜನಕ ಹಿಡಿಯುವ ಕೆಲಸ ನಡೆಯುತ್ತಿದೆ ಎಂದರ್ಥ, ಹಸಿರೋ ಕಂದೋ ಆಗಿದ್ದರೆ ಕೆಲಸ ಮುಗಿದಿದೆ. ಗಿಡದೊಳಗೆ ರಕ್ತದಂಥ ಬಣ್ಣ! ನಮ್ಮ ರಕ್ತದ ಹಿಮೋಗ್ಲೋಬಿನ್‌ನ ದಾಯಾದಿಯೇ ಅದು. ಈ ಒಂದು ಸೀಳು, ಬೋರ್ಡಿನ ಮೇಲೆ ಹತ್ತು ಸಲ ಬರೆದ ರೈಜೋಬಿಯಂ ಎಂಬ ಹೆಸರಿಗಿಂತ ಹೆಚ್ಚು ದಿನ ನೆನಪಿರುತ್ತದೆ. ಮಾರ್ಟಳ್ಳಿ ಕಡೆ ತಮಿಳು ಮಾತಾಡುವ ಮನೆಗಳಲ್ಲಿ ಹುರುಳಿಗೆ ಕೊಳ್ಳು ಎನ್ನುತ್ತಾರೆ. ಆ ಹೆಸರೂ ಬೋರ್ಡಿಗೆ ಬರಲಿ. ಮನೆಮಾತು ಬೋರ್ಡಿಗೆ ಬಂದ ದಿನ ಬಾಯಿ ಬಿಡದಿದ್ದ ಮಕ್ಕಳೂ ಬಾಯಿ ಬಿಡುತ್ತಾರೆ.

ಹಗೇವಿನ ವಿಷಯ ಬಿಟ್ಟರೆ ಪಾಪ. ನೆಲದೊಳಗೆ ಕೊಡದಾಕಾರದ ಗುಂಡಿ ತೋಡಿ ರಾಗಿ ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಹುಳು ಮುಟ್ಟುತ್ತಿರಲಿಲ್ಲ. ತೆಗೆದ ಮೇಲೆ ತಕ್ಷಣ ಇಳಿಯುವಂತಿಲ್ಲ, ಮೊದಲು ದೀಪ ಇಳಿಬಿಟ್ಟು ನೋಡಬೇಕು. ದೀಪ ಯಾಕೆ ಆರುತ್ತದೆ? ಕಾಳು ಉಸಿರಾಡುತ್ತದೆಯೇ? ಹುಳು ಯಾಕೆ ಬದುಕಲಿಲ್ಲ? ಉಸಿರಾಟದ ಪಾಠಕ್ಕೆ ಇದಕ್ಕಿಂತ ಒಳ್ಳೆ ಬಾಗಿಲು ನನಗೆ ಗೊತ್ತಿಲ್ಲ. ನಿಮ್ಮ ಊರಲ್ಲಿ ಹಗೇವು ಎಲ್ಲಿತ್ತು ಎಂದು ಕೇಳಿಕೊಂಡು ಬನ್ನಿ ಎಂದು ಕಳಿಸಿ. ಮಾತು ಕಡಿಮೆಯಾಗಿ ಮೂಲೆ ಸೇರಿದ್ದ ತಾತಂದಿರು ಮರುದಿನ ಶಾಲೆಯ ಗೇಟಿನ ಹತ್ತಿರ ಕಾಣಿಸಿಕೊಳ್ಳುತ್ತಾರೆ.

ಕೊಳ್ಳೇಗಾಲ: ಹುಳುವಿಗೆ ಜ್ವರ

ಕೊಳ್ಳೇಗಾಲ 1956ರ ತನಕ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಆ ಪ್ರಾಂತ್ಯದ ರೇಷ್ಮೆ ಎಂದರೆ ಮುಖ್ಯವಾಗಿ ಈ ತಾಲ್ಲೂಕು. ಇಂದಿಗೂ ಪೇಟೆಯಲ್ಲಿ ಮಗ್ಗ, ಗೂಡಿನ ಮಾರುಕಟ್ಟೆ, ಹಳ್ಳಿಯಲ್ಲಿ ಹಿಪ್ಪುನೇರಳೆ ಇವೆ. ಇಲ್ಲಿ ರೇಷ್ಮೆಯ ಪಾಠವನ್ನು ಚಾರ್ಟ್ ತೋರಿಸಿ ಮುಗಿಸುವುದು ಎಂದರೆ ಮದುವೆ ಮನೆಯಲ್ಲಿ ಊಟದ ಫೋಟೊ ತೋರಿಸಿದ ಹಾಗೆ.

ಮರಿಹುಳು ಸಾಕುವ ಹತ್ತಿರದ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ, ಅಂದರೆ ಎರಡು ಸಲ ಪೊರೆ ಬಿಟ್ಟ ಹುಳು ಒಂದು ಮೂವತ್ತು ಬೇಡಿ ತನ್ನಿ. ಚಾಕಿ ಹಂತ ನಾಜೂಕು, ಅದನ್ನು ಶಾಲೆಯಲ್ಲಿ ಮಾಡಲು ಹೋಗಬೇಡಿ. ಅಲ್ಲಿಂದ ಗೂಡು ಕಟ್ಟುವವರೆಗೆ ಎರಡೂವರೆ ವಾರದ ಆಸುಪಾಸು. ಮೂವತ್ತು ಹುಳುವಿಗೆ ಒಟ್ಟು ಒಂದೆರಡು ಕೆ.ಜಿ. ಸೊಪ್ಪು ಸಾಕು. ಒಂದು ಬಿದಿರ ತಟ್ಟೆ, ಮೇಲೆ ಸೊಳ್ಳೆ ಪರದೆಯ ತುಂಡು, ಮೇಜಿನ ಕಾಲುಗಳಿಗೆ ಇರುವೆ ಹತ್ತದಂತೆ ನೀರಿನ ಬಟ್ಟಲು. ಪರದೆ ಊಜಿ ನೊಣಕ್ಕೆ. 1980ರಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಗೂಡಿನ ಜತೆ ಕರ್ನಾಟಕ ಹೊಕ್ಕ ಈ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಗೂಡಿನ ಜತೆ ಬಂದ ಒಂದು ಜೀವಿ ಒಂದು ರಾಜ್ಯದ ಕಸುಬನ್ನು ಹೇಗೆ ಅಲ್ಲಾಡಿಸಿತು ಎಂಬುದು ಬೇರೆಯೇ ಪಾಠ.

ಮೊದಲ ಜಗಳ ಎಣಿಕೆಯದು. ಹುಳು ಸಾಕುವ ಮನೆಯ ಹುಡುಗಿ "ನಾವು ನೂರು ಮೊಟ್ಟೆ ಸಾಕಿದ್ದೀವಿ" ಎನ್ನುತ್ತಾಳೆ, ಪಕ್ಕದವನು "ಬರೀ ನೂರಾ?" ಎಂದು ನಗುತ್ತಾನೆ. ಅವಳ ಒಂದು ಮೊಟ್ಟೆ ಎಂದರೆ ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪು, ಸುಮಾರು ನಾನೂರರಿಂದ ಐನೂರು. ನೂರು ಮೊಟ್ಟೆ ಎಂದರೆ ನಲವತ್ತು ಸಾವಿರ ಹುಳು ದಾಟಿತು. ಆಗ ಅವಳಿಗೆ ಮಾತಾಡಲು ಬಿಡಿ. ಐದನೇ ಹಂತದಲ್ಲಿ ರಾತ್ರಿ ಸೊಪ್ಪು ಹಾಕಿದರೆ ಮನೆ ತುಂಬ ಸೋನೆ ಮಳೆ ಸದ್ದು, ನಮ್ಮ ಮೂವತ್ತು ಹುಳು ಸದ್ದೇ ಮಾಡುವುದಿಲ್ಲ ಎಂದು ಆಕೆ ಹೇಳಿದಾಗ ತರಗತಿ ತಟ್ಟೆಗೆ ಕಿವಿ ಕೊಟ್ಟು ನಿಂತಿತ್ತು.

ಎರಡನೆಯದು ಜ್ವರ. ಪುಸ್ತಕ ಪೊರೆ ಬಿಡುವುದು ಎನ್ನುತ್ತದೆ, ಮನೆಯಲ್ಲಿ "ಜ್ವರಕ್ಕೆ ಕೂತವ" ಎನ್ನುತ್ತಾರೆ. ಹುಳು ತಲೆ ಎತ್ತಿ, ತಿನ್ನದೆ, ಅಲ್ಲಾಡದೆ ಒಂದು ದಿನದಷ್ಟು ಕೂತಿರುತ್ತದೆ. "ಮೈ ಬಿಸಿ ಆಗುತ್ತಾ ಸಾ?" ಎಂದು ಒಬ್ಬ ಕೇಳಿದ. ಪ್ರಯೋಗಾಲಯದ ಥರ್ಮಾಮೀಟರನ್ನು ಹುಳುಗಳ ನಡುವೆ ಮಲಗಿಸಿದೆವು. ಕೋಣೆಯ ಉಷ್ಣಾಂಶಕ್ಕೂ ಅದಕ್ಕೂ ವ್ಯತ್ಯಾಸ ಸಿಗಲಿಲ್ಲ. ಶೀತರಕ್ತ ಎಂಬ ಪದ ಅವತ್ತು ಅರ್ಥವಾಯಿತು. ಮರುದಿನ ಲೆನ್ಸಿನಲ್ಲಿ ನೋಡಿದರೆ ಹಳೆಯ ತಲೆಯ ಚಿಪ್ಪು ಟೋಪಿಯಂತೆ ಕಳಚಿ ಬಿದ್ದಿತ್ತು, ಹುಳು ಮುಂದೆ ಮುಂದೆ ಸರಿದು ಸುಕ್ಕಾದ ಚರ್ಮವನ್ನು ಹಿಂದೆ ಬಿಟ್ಟು ಬಂದಿತ್ತು. ಪುಸ್ತಕದ ಮಾತೂ ಸರಿ. ಕೂತು ನೋಡಿದವನಿಗೆ ಜ್ವರ ಬಂದ ಮಗುವಿನ ಹಾಗೆಯೇ ಕಾಣುವುದರಿಂದ ಮನೆಯ ಮಾತೂ ಸರಿ. ಜ್ವರದ ಹೊತ್ತಿನಲ್ಲಿ ಸೊಪ್ಪು ನಿಲ್ಲಿಸಿ ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸುತ್ತಾರೆ, ಹಾಸಿಗೆ ಒಣಗಿರಲಿ ಎಂದು. ಇದನ್ನು ಮಕ್ಕಳೇ ನನಗೆ ಕಲಿಸಿದ್ದು.

ಆಸಕ್ತಿ ಎಂಬುದು ಎಲ್ಲಿಂದ ಬರುತ್ತದೆ ಎಂದು ನನಗೆ ಗೊತ್ತಾದದ್ದು ಭಾನುವಾರ. ಹುಳುವಿಗೆ ರಜೆ ಇಲ್ಲ. ಯಾರು ಬರುತ್ತೀರಿ ಎಂದು ಕೇಳಿದರೆ ಎದ್ದ ಕೈಗಳಲ್ಲಿ ಅರ್ಧದಷ್ಟು, ವಾರವೆಲ್ಲ ಶಾಲೆಗೇ ಸರಿಯಾಗಿ ಬಾರದವರದು. ಪಾಠದಲ್ಲಿ ಹಸಿಯುವ ಒಂದು ಜೀವ ಇದ್ದರೆ ಹಾಜರಿ ಕೂಗಬೇಕಾಗಿಲ್ಲ. ಸೊಪ್ಪು ತರುವಾಗ ಮಾತ್ರ ಎಚ್ಚರ. ಪಕ್ಕದ ಬಾಳೆಗೋ ಅರಿಶಿನಕ್ಕೋ ಔಷಧಿ ಹೊಡೆದಿದ್ದರೆ ಆ ಸೊಪ್ಪು ಬೇಡ. ಒಂದು ವರ್ಷ ಹೀಗೇ ಒಂದೇ ಮಧ್ಯಾಹ್ನ ಇಪ್ಪತ್ತೆರಡು ಹುಳು ಸತ್ತವು, ತಪ್ಪು ವಿಚಾರಿಸದೆ ಸೊಪ್ಪು ಕೊಯ್ಸಿದ ನನ್ನದು. ಶಾಲೆಯ ಹುಳುವನ್ನು ಯಾರ ಮನೆಗೂ ಕಳಿಸಬೇಡಿ. ಸಪ್ಪೆ ರೋಗವೋ ಸುಣ್ಣಕಟ್ಟೋ ಹತ್ತಿದರೆ ಒಂದು ಸಂಸಾರದ ಬೆಳೆ ಹೋಗುತ್ತದೆ.

ಹಣ್ಣಾದ ಹುಳು ಮೈ ಪಾರದರ್ಶಕವಾಗಿ ತಲೆಯಾಡಿಸುತ್ತದೆ. ಗೂಡು ಕಟ್ಟಿಸುವ ಚಂದ್ರಿಕೆಯ ಒಂದು ತುಂಡು ಸಿಕ್ಕಿದರೆ ಸರಿ, ಇಲ್ಲದಿದ್ದರೆ ಒಣಕಡ್ಡಿ. ಐದಾರು ದಿನ ಬಿಟ್ಟು ಗೂಡು ಬಿಡಿಸಿ. ಒಂದು ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ, ಕಡ್ಡಿಯಿಂದ ಸವರಿ ಎಳೆಯ ತುದಿ ಹಿಡಿದು, ಅರ್ಧ ಮೀಟರ್ ಉದ್ದದ ರಟ್ಟಿಗೆ ಸುತ್ತಿ. ಒಂದು ಸುತ್ತು ಒಂದು ಮೀಟರ್. ಎಣಿಸುವವರು ಸರದಿ ಬದಲಿಸುತ್ತಾರೆ, ಐನೂರು ದಾಟುತ್ತದೆ, ದ್ವಿತಳಿ ಗೂಡಾದರೆ ಎಂಟುನೂರು, ಸಾವಿರದ ಹತ್ತಿರ ಹೋಗುತ್ತದೆ. ಒಂದೇ ಎಳೆ, ಒಂದೇ ಹುಳು.

ಈ ಹೊತ್ತಿಗೆ ಯಾರಾದರೂ ಕೇಳುತ್ತಾರೆ: "ಒಳಗಿರೋದು ಸತ್ತೋಯ್ತಾ?" ಹೌದು ಎನ್ನಿ. ಮಾತು ಮರೆಸಬೇಡಿ. ಎರಡು ಗೂಡನ್ನು ಬೇಯಿಸದೆ ಉಳಿಸಿ, ಹತ್ತು ಹನ್ನೆರಡು ದಿನಕ್ಕೆ ಚಿಟ್ಟೆ ಹೊರಬರುವುದನ್ನು, ಅದು ತೂತು ಮಾಡಿದ ಗೂಡಿನಿಂದ ಉದ್ದನೆಯ ನೂಲು ಸಿಗದಿರುವುದನ್ನು ತೋರಿಸಿ. ಆ ಮೇಲೆ ಏನು ಅಂದುಕೊಳ್ಳಬೇಕೋ ಅದು ಅವರಿಗೆ ಬಿಟ್ಟಿದ್ದು. ಆ ವರ್ಷ ಒಬ್ಬ ಹುಡುಗ ಇನ್ನು ರೇಷ್ಮೆ ಮುಟ್ಟುವುದಿಲ್ಲ ಎಂದ, ಅವನಪ್ಪ ನೇಕಾರ. ನಾನು ನಡುವೆ ಬಾಯಿ ಹಾಕಲಿಲ್ಲ.

ಯಳಂದೂರು: ಎರಡು ಬಕೆಟ್, ಮೂರು ಜೇನು

ಯಳಂದೂರಿನ ಬಯಲು ಸುವರ್ಣಾವತಿಯ ನೀರು ಕಂಡ ಗದ್ದೆ. ಅಲ್ಲಿ ಯಾವ ಮಗುವನ್ನು ಕೇಳಿದರೂ ಭತ್ತಕ್ಕೆ ನೀರು ನಿಲ್ಲಬೇಕು ಎನ್ನುತ್ತದೆ. ಹೌದೇ? ಎರಡು ಬಕೆಟಿಗೆ ಒಂದೇ ಗದ್ದೆಯ ಮಣ್ಣು, ಒಂದೇ ಪೈರು. ಒಂದರಲ್ಲಿ ಸದಾ ಎರಡು ಅಂಗುಲ ನೀರು, ಇನ್ನೊಂದರಲ್ಲಿ ಮೇಲ್ಮಣ್ಣು ಸೀಳು ಬಿಟ್ಟ ಮೇಲೆ ನೀರು. ಎಷ್ಟು ಮಗ್ಗು ಹೊಯ್ದೆವು ಎಂದು ಬರೆದಿಡುವುದು. ಎರಡನೆಯದೂ ಬೆಳೆಯುತ್ತದೆ, ಕಳೆ ಮಾತ್ರ ಅದರಲ್ಲಿ ಹೆಚ್ಚು. ನಿಂತ ನೀರು ಭತ್ತಕ್ಕೆ ಬೇಕಾದ್ದಕ್ಕಿಂತ ಕಳೆಗೆ ಬೇಡವಾದದ್ದು ಎಂದು ಹೊಳೆದಾಗ ಮಕ್ಕಳು ಮನೆಗೆ ಹೋಗಿ ವಾದ ಹಾಕುತ್ತಾರೆ. ಹಾಕಲಿ. ನಾಲೆ ನೀರಿನ ಸರದಿಗೆ ಅಪ್ಪ ರಾತ್ರಿ ಕಾದು ಕೂರುವ ಕತೆ ಆಗ ತರಗತಿಗೆ ಬರುತ್ತದೆ.

ಬಯಲಿನಿಂದ ಬಿಳಿಗಿರಿರಂಗನ ಬೆಟ್ಟ ಹತ್ತಿದರೆ ಪುಸ್ತಕದ ಹಂಚಿಕೆಯೇ ಕೆಡುತ್ತದೆ. ಪುಸ್ತಕದಲ್ಲಿ ಕಾಡು ಒಂದು ಪಾಠ, ಕೃಷಿ ಇನ್ನೊಂದು. ಸೋಲಿಗರ ಪೋಡಿನಲ್ಲಿ ರಾಗಿ, ಮರದ ನೆರಳಿನ ಕಾಫಿ, ಕಾಡಿನ ಜೇನು ಒಂದೇ ಮನೆಯ ಬದುಕು. ಹೊಸ ರಾಗಿ ಬಂದಾಗ ರೊಟ್ಟಿ ಹಬ್ಬ. 1981ರಲ್ಲಿ ಡಾ. ಸುದರ್ಶನ್ ಶುರು ಮಾಡಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಶಾಲೆ ಅಲ್ಲಿದೆ. ಬಯಲಿನ ಮೇಷ್ಟರು ಒಂದು ದಿನ ಹೋಗಿ ಬರುವುದು ಒಳ್ಳೆಯದು, ಕಲಿಸಲು ಹೋಗದೆ ಕೇಳಲು ಹೋದರೆ ಇನ್ನೂ ಒಳ್ಳೆಯದು.

ಜೇನು ಸಾಕಣೆಯ ಪಾಠದಲ್ಲಿ ಜೇನ್ನೊಣಗಳ ಲ್ಯಾಟಿನ್ ಹೆಸರು ಉರು ಹೊಡೆಸುತ್ತೇವೆ. ಬೆಟ್ಟದ ಮಕ್ಕಳಿಗೆ ಹೆಜ್ಜೇನು, ತುಡುವೆ, ಕೋಲುಜೇನು ನೆರೆಹೊರೆಯವರಿದ್ದಂತೆ. ಒಂದೇ ಪ್ರಶ್ನೆ ಕೇಳಿ: ಹೆಜ್ಜೇನನ್ನು ಯಾಕೆ ಪೆಟ್ಟಿಗೆಯಲ್ಲಿ ಸಾಕಲಾಗುವುದಿಲ್ಲ? "ಕಚ್ತದ" ಎಂಬುದು ಮೊದಲ ಉತ್ತರ. ಮುಂದಕ್ಕೆ ತಳ್ಳಿದರೆ ಗೂಡಿನ ಮಾತು ಬರುತ್ತದೆ. ಹೆಜ್ಜೇನು ಬಯಲಿಗೆ ಒಂದೇ ಎರಿ ತೂಗುಹಾಕುತ್ತದೆ, ತುಡುವೆ ಪೊಟರೆಯ ಕತ್ತಲಲ್ಲಿ ಸಾಲು ಸಾಲು ಎರಿ ಕಟ್ಟುತ್ತದೆ. ಪೆಟ್ಟಿಗೆ ಎಂದರೆ ನಾವು ಮಾಡಿಕೊಟ್ಟ ಪೊಟರೆ. ಉತ್ತರ ಮಕ್ಕಳ ಬಾಯಿಂದ ಬಂದ ಮೇಲೆ ಲ್ಯಾಟಿನ್ ಹೆಸರು ಬರೆಯಿಸಿ. ಹುಲಿ ರಕ್ಷಿತಾರಣ್ಯವಾದ್ದರಿಂದ ಗೂಡು ತರಿಸುವ ಹುಚ್ಚು ಮಾತ್ರ ಬೇಡ.

ಕೆಡಿಸುವ ಕೆಲಸಗಳು

ಹೋಂವರ್ಕ್ ಮಾಡದವರಿಗೆ ಕೈತೋಟದ ಹುಲ್ಲು ಕೀಳುವ ಶಿಕ್ಷೆ ಎಷ್ಟು ಶಾಲೆಗಳಲ್ಲಿಲ್ಲ! ಮನೆಯಲ್ಲೂ "ಓದದಿದ್ರ ದನ ಕಾಯಕ್ಕೋಗು" ಎನ್ನುವ ಮಾತು ಬಿದ್ದಿರುತ್ತದೆ. ಹೀಗೆ ಎರಡು ಕಡೆಯಿಂದಲೂ ಮಣ್ಣನ್ನು ದಂಡನೆ ಮಾಡಿಟ್ಟು, ಮೂರನೇ ಪೀರಿಯಡ್‌ನಲ್ಲಿ ಕೃಷಿಯ ಹಿರಿಮೆ ಹೇಳಿದರೆ ಯಾರು ನಂಬುತ್ತಾರೆ? ಅನ್ನದಾತ, ದೇಶದ ಬೆನ್ನೆಲುಬು ಮುಂತಾದ ಮಾತುಗಳನ್ನೂ ನಾನು ಕೈಬಿಟ್ಟಿದ್ದೇನೆ. ಅರಿಶಿನ ಕೊಯ್ದು ಈರೋಡಿಗೆ ಸಾಗಿಸಿ ಬಾಡಿಗೆಯೂ ಹುಟ್ಟದೆ ಬಂದ ಮನೆಯ ಮಗುವಿಗೆ ಅವು ಕುಹಕದಂತೆ ಕೇಳುತ್ತವೆ. ಅದರ ಬದಲು ಆ ಲೆಕ್ಕವನ್ನೇ ಬೋರ್ಡಿಗೆ ತನ್ನಿ: ಬೀಜ, ಗೊಬ್ಬರ, ಕೂಲಿ, ಬೇಯಿಸುವ ಖರ್ಚು, ಲಾರಿ, ದರ.

ನಿಮಗೆ ಎಷ್ಟು ಎಕರೆ ಎಂದು ತರಗತಿಯಲ್ಲಿ ಕೇಳಲೇಬೇಡಿ. ಅರ್ಧ ಮಕ್ಕಳ ಮನೆಗೆ ಹೊಲವಿಲ್ಲ, ಹೊಲದ ಕೆಲಸ ಇದೆ. ನಿನಗೆ ಯಾವ ಕೆಲಸ ಬರುತ್ತದೆ ಎಂದು ಕೇಳಿ. ನಾಟಿ, ಕಳೆ, ಕಬ್ಬಿನ ಕಟಾವು ಬಲ್ಲ ಕೂಲಿ ಮನೆಯ ಮಗು ಆಗ ಎಕರೆಯವರ ಮಗುವಿಗೆ ಕಲಿಸುತ್ತದೆ.

ಅರವತ್ತು ಮಕ್ಕಳನ್ನು ಬಸ್ಸಿನಲ್ಲಿ ತುಂಬಿಕೊಂಡು ತೋಟಕ್ಕೆ ಹೋದದ್ದು ನನ್ನ ಇನ್ನೊಂದು ಸೋಲು. ಮುಂದಿದ್ದ ಹತ್ತು ಮಂದಿಗೆ ಮಾತು ಕೇಳಿಸಿತು, ಉಳಿದವರು ಸೀಬೆಕಾಯಿ ಕಿತ್ತರು. ಈಗ ಆರಾರು ಜನರ ಗುಂಪು, ಗುಂಪಿಗೊಂದು ಪ್ರಶ್ನೆ, ವಾಪಸು ಬಂದು ಉಳಿದವರಿಗೆ ಹೇಳುವ ಕೆಲಸ. ಹರದನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ, ಗೂಡಿನ ಮಾರುಕಟ್ಟೆಗಾಗಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ಪ್ರಶ್ನೆಯಿಲ್ಲದೆ ಹೋಗಬೇಡಿ. ರೈತರನ್ನು ಶಾಲೆಗೆ ಕರೆದರೆ ಮೈಕ್ ಕೊಡಬೇಡಿ. ಮೈಕ್ ಕಂಡರೆ ಯಾರಿಗಾದರೂ ಭಾಷಣ ಬರುತ್ತದೆ. ಒಂದು ವಸ್ತು ತರಲು ಹೇಳಿ: ಕೂರಿಗೆ, ಕುಂಟೆ, ಮುರಿದ ನೊಗ. ಅಜ್ಜಿಯರನ್ನು ಕರೆಯಲು ಮರೆಯಬೇಡಿ, ಬೂದಿ ಬೆರೆಸಿ ಕಟ್ಟಿಟ್ಟ ಬೀಜದ ಗಂಟು ಅವರ ಹತ್ತಿರವೇ ಇರುವುದು. ಮಣ್ಣಿನ ಪಾಠಕ್ಕೆ ಮನೆಯ ಟ್ರಂಕಿನಲ್ಲಿ ಮಡಿಚಿಟ್ಟ ಮಣ್ಣು ಆರೋಗ್ಯ ಚೀಟಿ ತರಿಸಿ. 2015ರಿಂದ ಕೊಡುತ್ತಿರುವ ಆ ಚೀಟಿಯಲ್ಲಿ ಹನ್ನೆರಡು ಅಂಶ ಬರೆದಿರುತ್ತದೆ, ಓದಿದ ಮನೆ ಕಡಿಮೆ. ಮಕ್ಕಳು ಓದಿ ಹೇಳಲಿ, ಅದನ್ನೇ ಕಿರುಪರೀಕ್ಷೆ ಎಂದುಕೊಳ್ಳಿ.

ಅಂಕದ ಚಿಂತೆ ಇರುವವರಿಗೆ ಒಂದು ಮಾತು. ಪರೀಕ್ಷೆಯಲ್ಲಿ ಪುಸ್ತಕದ ಉತ್ತರ ಬೇಕೇ ಬೇಕು, ಅದನ್ನು ಕಲಿಸಿ. ನೋಟ್‌ಬುಕ್ಕಿನಲ್ಲಿ ಮಾತ್ರ ಎರಡು ಕಾಲಂ ಮಾಡಿಸಿ, ಎಡಕ್ಕೆ ಪುಸ್ತಕ ಏನು ಹೇಳುತ್ತದೆ, ಬಲಕ್ಕೆ ನಮ್ಮೂರು ಏನು ಹೇಳುತ್ತದೆ. ಎರಡೂ ಗೊತ್ತಿರುವ ಮಗು ಎಡದ್ದನ್ನು ಮರೆಯುವುದಿಲ್ಲ. ಬಲದ ಕಾಲಂ ಖಾಲಿ ಇದ್ದರೆ ಅವತ್ತಿನ ನನ್ನ ಪಾಠ ಸೋತಿತು ಎಂದು ಲೆಕ್ಕ.

ಮಳೆಮಾಪಕದ ವಿಷಯದಲ್ಲಿ ಒಂದು ತೊಡಕು ಉಳಿದಿದೆ. ಏಪ್ರಿಲ್‌ನಲ್ಲಿ ಶಾಲೆ ಮುಚ್ಚುತ್ತದೆ, ಭರಣಿ, ಕೃತ್ತಿಕೆ ಸುರಿಯುವುದು ಆಮೇಲೆ. ವರ್ಷದ ದೊಡ್ಡ ಮಳೆಯೊಂದು ರಿಜಿಸ್ಟರಿಗೆ ಸಿಗದೇ ಹೋದರೆ ಹಿಂದಿನ ಬೆಂಚಿನ ಹುಡುಗನ ವಾದಕ್ಕೆ ಸಾಕ್ಷಿಯೇ ಇಲ್ಲ. ಆದ್ದರಿಂದ ರಜೆಗೆ ಮುಂಚಿನ ಶನಿವಾರ ಚೀಟಿ ಎತ್ತುತ್ತೇವೆ. ಯಾರ ಹೆಸರು ಬಂತೋ ಅವರ ಮನೆಯಂಗಳಕ್ಕೆ ಬಾಟಲಿ, ಸ್ಕೇಲು, ರಿಜಿಸ್ಟರು ಹೋಗುತ್ತವೆ, ಜತೆಗೆ ಸೊನ್ನೆ ಗೆರೆ ಎಲ್ಲಿದೆ ಎಂದು ತೋರಿಸಲು ಇಬ್ಬರು. ಕಳೆದ ಸಲ ರಿಜಿಸ್ಟರು ವಾಪಸು ಬಂದಾಗ ಮೇ ತಿಂಗಳ ಪುಟಕ್ಕೆ ಅರಿಶಿನದ ಕಲೆ ಆಗಿತ್ತು, ಒಂದು ಕಡೆ "ಆಲಿಕಲ್ಲು, ಅಳೆಯಕ್ಕಾಗಲಿಲ್ಲ, ಕರಗಿದ ಮೇಲೆ 31" ಎಂದು ಬರೆದಿತ್ತು.